ಇಂಗ್ಲಿಷಿನ ನೋಟೀಸು, ಹದಿನೈದು ದಿನದ ಗಡುವು

ಕಳೆದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ನಮ್ಮ ಜೆರಾಕ್ಸ್ ಅಂಗಡಿಗೆ ಒಬ್ಬರು ಟೈಲರಣ್ಣ ಬಂದರು. ಕಾಸರಗೋಡು ಪೇಟೆಯಲ್ಲಿ ಇಪ್ಪತ್ತು ವರ್ಷದಿಂದ ಒಂದೇ ಬಾಡಿಗೆ ಕೋಣೆಯಲ್ಲಿ ಹೊಲಿಗೆ ಮಾಡುವವರು. ಕೊಡೆ ಹೊರಗಿಟ್ಟು, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿದ್ದ ಲಕೋಟೆ ತೆಗೆದು ಮೇಜಿನ ಮೇಲಿಟ್ಟರು. "ಅಕ್ಕಾ, ಇದರಲ್ಲಿ ಎಂತ ಬರೆದಿದ್ದಾರೆ ಒಮ್ಮೆ ಓದಿ ಹೇಳ್ತೀರಾ? ಅವಸರ ಏನಿಲ್ಲ."

ಅವಸರ ಇತ್ತು. ವಕೀಲರ ನೋಟೀಸು, ಎರಡು ಪುಟ, ಪೂರ್ತಿ ಇಂಗ್ಲಿಷ್. ತಿಂಗಳಿಗೆ 4,000ದಂತೆ ಐದು ತಿಂಗಳ ಬಾಡಿಗೆ ಬಾಕಿ, ಅದಕ್ಕೆ ಶೇಕಡಾ 24 ಬಡ್ಡಿ, ನೋಟೀಸಿನ ಫೀಸು 3,000. ನೋಟೀಸು ಕೈಸೇರಿ 15 ದಿನದೊಳಗೆ ಕಟ್ಟದಿದ್ದರೆ ಕೋಣೆ ಬಿಡಿಸಲು ಕೋರ್ಟಿಗೆ ಹೋಗುತ್ತೇವೆ ಎಂಬುದು ಕೊನೆಯ ಸಾಲು. ಯಾವತ್ತು ಬಂತು ಎಂದು ಕೇಳಿದೆ. ಅವರು ಲಕೋಟೆ ತಿರುಗಿಸಿದರು. ಹಿಂದೆ ಅವರ ಹೆಂಡತಿ ಪೆನ್ಸಿಲಿನಲ್ಲಿ ತಾರೀಕು ಬರೆದಿಟ್ಟಿದ್ದರು. ಬೆರಳು ಮಡಚಿ ಎಣಿಸಿದೆ. ಹನ್ನೆರಡು ದಿನ ಆಗಿಹೋಗಿತ್ತು.

ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದದ್ದಕ್ಕೆ ಅವರು ಹೇಳಿದ್ದು ಇವತ್ತಿಗೂ ನನ್ನ ತಲೆಯಲ್ಲಿ ಉಂಟು. ಮಂಗಳೂರಿನಲ್ಲಿರುವ ಮಗನಿಗೆ ಫೋಟೋ ಕಳಿಸಿದ್ದರಂತೆ. ಮಗ ಮೊಬೈಲಿನಲ್ಲಿ ಯಾವುದೋ ಕನ್ನಡ ವಿಡಿಯೋ ನೋಡಿ, "ಅಪ್ಪಾ, ಎರಡು ತಿಂಗಳು ಟೈಮ್ ಉಂಟು, ಹೆದರಬೇಡಿ" ಎಂದನಂತೆ.

ಮಗ ಹೇಳಿದ್ದು ಸುಳ್ಳಲ್ಲ, ಆದರೆ ಅದು ಗಡಿಯ ತಲಪಾಡಿಯಿಂದ ಆಚೆಯ, ಕರ್ನಾಟಕದ ಮಾತು. 1999ರ ಕರ್ನಾಟಕ ಬಾಡಿಗೆ ಕಾಯಿದೆ ಬಾಕಿ ಕಟ್ಟಲು ನೋಟೀಸು ತಲುಪಿದ ಮೇಲೆ ಎರಡು ತಿಂಗಳು ಕೊಡುತ್ತದೆ. ನಮಗೆ ಅದು ಅನ್ವಯಿಸುವುದಿಲ್ಲ. ನಮ್ಮದು 1965ರ ಕೇರಳ ಕಟ್ಟಡ ಬಾಡಿಗೆ ನಿಯಂತ್ರಣ ಕಾಯಿದೆ. ಅದರ 11(2)ನೇ ಕಲಮಿನ ಪ್ರಕಾರ ಬಾಕಿಗಾಗಿ ಬಿಡಿಸಬೇಕೆಂದಿರುವ ಮಾಲಕ ಮೊದಲು ರಿಜಿಸ್ಟರ್ ನೋಟೀಸು ಕಳಿಸಲೇಬೇಕು. ಕಳಿಸದೆ ಅರ್ಜಿ ಹಾಕುವ ಹಾಗಿಲ್ಲ. ನೋಟೀಸು ಸಿಕ್ಕಿದ ದಿನದಿಂದ 15 ದಿನದೊಳಗೆ ಬಾಡಿಗೆದಾರ ಬಾಕಿ, ಅದಕ್ಕೆ ವರ್ಷಕ್ಕೆ ಶೇಕಡಾ 6ರ ಬಡ್ಡಿ, ನೋಟೀಸು ಕಳಿಸಿದ ಅಂಚೆ ಖರ್ಚು ಇಷ್ಟನ್ನು ಕೊಟ್ಟರೆ ಆ ನೋಟೀಸಿನ ಬಲದ ಮೇಲೆ ಅವನನ್ನು ಬಿಡಿಸಲು ಆಗುವುದಿಲ್ಲ. ಪೋಸ್ಟ್‌ಮ್ಯಾನ್ ತಂದದ್ದನ್ನು ಬೇಡ ಎಂದು ವಾಪಸು ಕಳಿಸಿದರೂ ಅವತ್ತಿನಿಂದಲೇ ದಿನ ಎಣಿಕೆ ಶುರು. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಂಗಡಿ ಗೋಡೆಗೆ ಅಂಟಿಸಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಯಾಕೆಂದರೆ "ವಕೀಲರ ಕಾಗದ ತೆಗೆದುಕೊಳ್ಳಬೇಡ, ತೆಗೆದುಕೊಳ್ಳದಿದ್ದರೆ ಕೇಸಿಲ್ಲ" ಎಂದು ಬುದ್ಧಿ ಹೇಳುವವರು ಬಸ್‌ಸ್ಟ್ಯಾಂಡಿನ ಪ್ರತಿ ಬೆಂಚಿನಲ್ಲೂ ಇದ್ದಾರೆ.

ಗಡಿಯಲ್ಲಿರುವ ನಮ್ಮ ಕಷ್ಟ ಇದು. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. ಕಾನೂನು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ, ಕಾನೂನಿನ ಬಗ್ಗೆ ತಿಳಿಸಿ ಹೇಳುವ ಕನ್ನಡ ಮಾತ್ರ ಬೆಂಗಳೂರಿನಿಂದ ಬರುತ್ತದೆ. ಭಾಷೆ ನಮ್ಮದೇ ಆದ್ದರಿಂದ ನಂಬುತ್ತೇವೆ. ಸರಕಾರಿ ಕಚೇರಿಯೊಂದಿಗೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕು 1969ರ ಕೇರಳದ ಭಾಷಾ ಕಾಯಿದೆಯಿಂದಲೇ ನಮಗೆ ಉಂಟು. ಅದಕ್ಕಾಗಿ ಹೋರಾಡಿದವರನ್ನು, ಇನ್ನೂ ಹೋರಾಡುತ್ತಿರುವವರನ್ನು ಗೌರವಿಸುತ್ತೇನೆ. ಆದರೆ ಮಾಲಕ ಮತ್ತು ಬಾಡಿಗೆದಾರರ ನಡುವಿನ ಕಾಗದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಡ. ಬಾಡಿಗೆ ನೋಟೀಸು ಇಂಗ್ಲಿಷಿನಲ್ಲೇ ಇರಬೇಕು ಎಂದು 11(2)ನೇ ಕಲಮಿನಲ್ಲಿ ಎಲ್ಲೂ ಬರೆದಿಲ್ಲ. ನಾವೇ ಇಂಗ್ಲಿಷಿಗೆ ಬಾಗಿಲು ತೆರೆದು ಕೊಟ್ಟಿದ್ದೇವೆ.

ಟೈಲರಣ್ಣನ ಲೆಕ್ಕವನ್ನು ಒಂದು ಬಿಳಿ ಹಾಳೆಯಲ್ಲಿ ಬರೆದೆ. ಒಂದು ತಿಂಗಳ ಬಾಡಿಗೆ 4,000ಕ್ಕೆ ಶೇಕಡಾ 6ರಂತೆ ತಿಂಗಳಿಗೆ ಬಡ್ಡಿ 20 ರೂಪಾಯಿ. ಎಲ್ಲಕ್ಕಿಂತ ಹಳೆಯ ಬಾಕಿಗೆ ನಾಲ್ಕು ತಿಂಗಳ ಬಡ್ಡಿ 80, ಆಮೇಲಿನದಕ್ಕೆ 60, ಮತ್ತೆ 40, 20, ಕೊನೆಯ ತಿಂಗಳಿಗೆ ಇಲ್ಲ. ಒಟ್ಟು 200. ಅಸಲು 20,000. ಅವರು ಆ ಹಾಳೆಯನ್ನೇ ತುಂಬ ಹೊತ್ತು ನೋಡಿದರು. "ಇಷ್ಟೆಯಾ ಅಕ್ಕಾ? ನಾನು ನಲ್ವತ್ತು ಸಾವಿರ ಆಗಬಹುದು ಅಂತ ಗ್ರೇಶಿದ್ದೆ." ಇಂಗ್ಲಿಷ್ ಓದಲು ಬಾರದವರಿಗೆ ನೋಟೀಸಿನಲ್ಲಿ ಕಾಣುವುದು ಅಂಕಿಗಳು ಮಾತ್ರ. ಅಂಕಿಗಳ ನಡುವಿನ ಮಾತು ಗೊತ್ತಾಗದಿದ್ದರೆ ಹೆದರಿಕೆಯೇ ಲೆಕ್ಕ ಹಾಕುತ್ತದೆ. ಹೆದರಿದವರು ಹಣ ಹೊಂದಿಸಲು ಹೋಗುವುದಿಲ್ಲ, ಲಕೋಟೆಯನ್ನು ದೇವರ ಪಟದ ಹಿಂದೆ ತುರುಕಿಡುತ್ತಾರೆ.

ಹದಿನಾಲ್ಕನೇ ದಿನ ಹೆಂಡತಿಯ ಬಳೆ ಅಡವಿಟ್ಟು, ಅವರು ಹಣ ತೆಗೆದುಕೊಂಡು ಮಾಲಕರ ಮನೆಗೆ ಹೋದರು. ನಾನೂ ಜೊತೆಗೆ ಹೋದೆ. ಮಾಲಕರು ಎಂಬತ್ತರ ಹತ್ತಿರದ ಹಿರಿಯರು. ಜಗಲಿಯಲ್ಲಿ ಕೂರಿಸಿ, ಬೆಲ್ಲ ನೀರು ಕೊಟ್ಟು, ನೋಟೀಸಿನ ತಮ್ಮ ಪ್ರತಿಯನ್ನು ಒಳಗಿಂದ ತರಿಸಿದರು. ಮಡಿಕೆ ಬಿಚ್ಚಿಯೇ ಇರಲಿಲ್ಲ. "ಶೇಕಡಾ ಇಪ್ಪತ್ತನಾಲ್ಕು ಅಂತ ಬರೆದಿದ್ದಾರಾ? ನಾನು ಬಾಕಿ ಕೇಳಿ ಅಂದದ್ದು ಮಾತ್ರ ಮಾರಾಯ್ರೆ." ಅವರು ಕನ್ನಡ ಪೇಪರನ್ನು ಮೊದಲಿನ ಸಾಲಿಂದ ಕೊನೆಯ ಸಾಲಿನವರೆಗೆ ಓದುವವರು. ಕೊಟ್ಟವರಿಗೂ ಪಡೆದವರಿಗೂ ಓದಲಾಗದ ಕಾಗದವೊಂದು ಅವರಿಬ್ಬರ ಇಪ್ಪತ್ತು ವರ್ಷದ ಪರಿಚಯವನ್ನು ಎರಡು ವಾರ ಕೆಡಿಸಿತು. ರಶೀದಿ ಮಾತ್ರ ಕೇಳಿ ಪಡೆದೆವು. ಕೊಟ್ಟ ಬಾಡಿಗೆಗೆ ರಶೀದಿ ಕೇಳುವುದು ಬಾಡಿಗೆದಾರನ ಹಕ್ಕು, ಅದರಲ್ಲಿ ನಾಚಿಕೆ ಏನೂ ಇಲ್ಲ.

ನಾನು ಬಾಡಿಗೆದಾರರ ಪಕ್ಷ ಮಾತ್ರ ವಹಿಸುತ್ತಿಲ್ಲ. ನನ್ನ ಅಮ್ಮನಿಗೆ ಮೂರು ರೂಮಿನ ಒಂದು ಕ್ವಾರ್ಟರ್ಸ್ ಉಂಟು, ಅಪ್ಪ ಹೋದ ಮೇಲೆ ಅವರ ಮದ್ದಿನ ಖರ್ಚು ಆ ಬಾಡಿಗೆಯಿಂದಲೇ. ಹಿಂದೆ ಇದ್ದ ಒಂದು ಸಂಸಾರ ಹನ್ನೊಂದು ತಿಂಗಳು ಬಾಡಿಗೆ ಕೊಡಲಿಲ್ಲ. ಅಮ್ಮ ಬಾಯಲ್ಲಿ ಕೇಳಿದರು, ನಾನು ವಾಟ್ಸಾಪಿನಲ್ಲಿ ಕೇಳಿದೆ, ಬರವಣಿಗೆಯಲ್ಲಿ ಕೇಳಲು ಇಬ್ಬರಿಗೂ ಮನಸ್ಸು ಬರಲಿಲ್ಲ. ಒಂದು ರಾತ್ರಿ ಅವರು ಬೀಗದ ಕೈ ಕಿಟಕಿಯಲ್ಲಿಟ್ಟು ಹೋಗಿಬಿಟ್ಟರು. ಬಾಡಿಗೆ ಬಾಕಿಗೆ ದಾವೆ ಹಾಕಲು ಮೂರು ವರ್ಷ ಸಮಯ ಇತ್ತು, ಆದರೆ ಯಾವ ವಿಳಾಸಕ್ಕೆ ಹಾಕುವುದು? ಮೂರನೇ ತಿಂಗಳಿಗೇ ಒಂದು ಕಾಗದ ಬರೆದಿದ್ದರೆ ಅವರೂ ಏನಾದರೂ ದಾರಿ ಹುಡುಕುತ್ತಿದ್ದರು, ಅಮ್ಮನಿಗೂ ಅಷ್ಟು ನೋವಾಗುತ್ತಿರಲಿಲ್ಲ. ಆಗ ನೆಂಟರೊಬ್ಬರು "ಫ್ಯೂಸ್ ತೆಗೆಯಿರಿ, ತಾನಾಗಿ ಹೋಗ್ತಾರೆ" ಎಂದಿದ್ದರು. ಕರೆಂಟು, ನೀರು ಕಡಿಯುವುದನ್ನು ಅದೇ ಬಾಡಿಗೆ ಕಾಯಿದೆ ತಡೆಯುತ್ತದೆ. ಕಾಯಿದೆ ಇಲ್ಲದಿದ್ದರೂ, ಒಳಗೆ ಮಕ್ಕಳಿರುವ ಮನೆಯ ಫ್ಯೂಸಿಗೆ ಕೈ ಹಾಕಲು ನಮ್ಮಿಂದ ಆಗುತ್ತಿರಲಿಲ್ಲ.

ಟೈಲರಣ್ಣನ ವಿಷಯ ಆದ ಮೇಲೆ ನಾನು ಒಂದು ಮಾದರಿ ಮಾಡಿಟ್ಟಿದ್ದೇನೆ. ಹೀಗೆ:

"ನೀವು ನಮ್ಮಿಂದ ಬಾಡಿಗೆಗೆ ಪಡೆದ ಕೋಣೆಯ ಇಂಥ ತಿಂಗಳಿನಿಂದ ಇಂಥ ತಿಂಗಳಿನವರೆಗಿನ ಬಾಡಿಗೆ ಇಷ್ಟು ರೂಪಾಯಿ ಬಾಕಿ ಇದೆ. ಇದಕ್ಕೆ ವರ್ಷಕ್ಕೆ ಶೇಕಡಾ 6ರಂತೆ ಬಡ್ಡಿ ಇಷ್ಟು, ಈ ನೋಟೀಸಿನ ಅಂಚೆ ಖರ್ಚು ಇಷ್ಟು. ನೋಟೀಸು ನಿಮಗೆ ಸಿಕ್ಕಿದ 15 ದಿನದೊಳಗೆ ಕೊಟ್ಟು ರಶೀದಿ ಪಡೆಯಿರಿ. ಕೊಡದಿದ್ದರೆ ಬಾಡಿಗೆ ನಿಯಂತ್ರಣ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಗುತ್ತದೆ. ಲೆಕ್ಕದಲ್ಲಿ ತಪ್ಪಿದ್ದರೆ ಬಂದು ತೋರಿಸಿ."

ಕೊನೆಯ ವಾಕ್ಯ ಯಾವ ವಕೀಲರ ನೋಟೀಸಿನಲ್ಲೂ ನಾನು ನೋಡಿಲ್ಲ. ಅದು ಇರಲೇಬೇಕು ಎನ್ನುತ್ತೇನೆ. ವಕೀಲರು ಬೇಡ ಎಂದು ಇದರ ಅರ್ಥವಲ್ಲ. ಅವರಿಂದ ಇಂಗ್ಲಿಷಿನಲ್ಲಿ ಬರೆಸುವುದಾದರೂ ಜೊತೆಗೆ ಈ ಒಂದು ಹಾಳೆ ಇಡಲು ಹೇಳಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿದೆ, ಆದ್ದರಿಂದ ಕಳಿಸುವ ಬಗೆ ವಕೀಲರನ್ನು ಕೇಳಿಯೇ ಕಳಿಸಿ. ಬಾಡಿಗೆ ಕಾಯಿದೆ ಅಧಿಸೂಚನೆಯಾದ ಪ್ರದೇಶಗಳಿಗೆ ಮಾತ್ರ. ನಿಮ್ಮ ಊರು ಅದರಲ್ಲಿ ಇಲ್ಲದಿದ್ದರೆ ಕ್ರಮ ಬೇರೆ, ಅದನ್ನೂ ಕೇಳಿಕೊಳ್ಳಿ. ಇನ್ನೊಂದು: ಬಾಕಿಯ ಕಾರಣಕ್ಕೆ ಬಿಡಿಸುವ ಆದೇಶ ಆಗಿಬಿಟ್ಟರೂ ಒಂದು ತಿಂಗಳೊಳಗೆ ಬಾಕಿ, ಬಡ್ಡಿ, ಕೋರ್ಟು ಖರ್ಚು ಕಟ್ಟಿದರೆ ಆ ಆದೇಶ ರದ್ದಾಗುತ್ತದೆ. ಇದು ಗೊತ್ತಿಲ್ಲದೆ ಸಾಮಾನು ಕಟ್ಟಿಕೊಂಡು ಹೋದವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈ ತಿಂಗಳು ಅಮ್ಮನ ಕ್ವಾರ್ಟರ್ಸಿನ ಎರಡನೇ ರೂಮಿನವರದ್ದು ಮೂರು ತಿಂಗಳು ಬಾಕಿ ಆಯಿತು. ಅವರು ಕಣ್ಣೂರು ಕಡೆಯವರು, ಕನ್ನಡ ಓದಲು ಬರುವುದಿಲ್ಲ. ನನ್ನ ಮಾದರಿಯನ್ನು ಪಕ್ಕದ ಅಂಗಡಿಯ ಹುಡುಗಿಯಿಂದ ಮಲಯಾಳಕ್ಕೆ ಮಾಡಿಸಿ, ನಿನ್ನೆ ಅಂಚೆಗೆ ಹಾಕಿದೆ. ಹಾಕುವ ಮೊದಲು ಅಮ್ಮ ಕನ್ನಡದ ಪ್ರತಿಯನ್ನು ಕನ್ನಡಕ ಹಾಕಿ ಎರಡು ಸಲ ಓದಿ, ಬಡ್ಡಿಯ ಲೆಕ್ಕ ಕೂಡಿಸಿ ನೋಡಿ, ಕೆಳಗೆ ತಮ್ಮ ಕೈಯಾರೆ ಸಹಿ ಮಾಡಿದರು.