ತುಟಿ ಮರಗಟ್ಟಿದರೆ ಸಾಲದು, ಹಲ್ಲು ಮರಗಟ್ಟಬೇಕು

ಹೋದ ವಾರ ಒಬ್ಬರು ಹೆಂಗಸು ಬಂದಿದ್ದರು. ವಯಸ್ಸು ಐವತ್ತರ ಆಸುಪಾಸು. ಕೆಳಗಿನ ದವಡೆ ಹಲ್ಲು ಹುಳುಕಾಗಿ ಮೂರು ರಾತ್ರಿ ನಿದ್ದೆ ಇಲ್ಲ. ಬಿಸಿ ಕಾಫಿ ತಾಗಿದರೆ ಕಿವಿಯವರೆಗೂ ಸಿಡಿತ. ಕುರ್ಚಿಯಲ್ಲಿ ಕೂತವರೇ ನನ್ನ ಕೈ ಹಿಡಿದುಕೊಂಡು, "ಡಾಕ್ಟ್ರೇ, ನೋವಾಗತ್ತೆ ಅಂದ್ರೆ ನಂಬ್ತೀರಾ?" ಎಂದು ಕೇಳಿದರು.

ಎರಡು ವರ್ಷದ ಹಿಂದೆ ಬೇರೆ ಕಡೆ ರೂಟ್ ಕೆನಾಲ್ ಮಾಡಿಸಲು ಹೋಗಿದ್ದರಂತೆ. ಇಂಜೆಕ್ಷನ್ ಕೊಟ್ಟರು, ತುಟಿ ದಪ್ಪ ಆದ ಹಾಗಾಯಿತು. ಹಲ್ಲು ಕೊರೆಯಲು ಶುರು ಮಾಡಿದಾಗ ಜೀವ ಹೋದಂಥ ನೋವು. "ತುಟಿ ಮರಗಟ್ಟಿದೆ ತಾನೆ, ನೋವು ಹೇಗೆ ಬರತ್ತೆ? ಹೆದರಿಕೆ ಅಷ್ಟೇ, ಸ್ವಲ್ಪ ತಡ್ಕೊಳ್ಳಿ" ಅಂದರಂತೆ. ಇವರು ಅರ್ಧಕ್ಕೇ ಎದ್ದು ಬಂದರು. ಆಮೇಲೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿಯೇ ಇಲ್ಲ.

ಒಬ್ಬ ದಂತವೈದ್ಯೆಯಾಗಿ ಇದನ್ನು ಬರೆಯಲೇಬೇಕು ಅನ್ನಿಸಿತು. ಅವರ ನೋವು ನಿಜ. ಅದಕ್ಕೆ ಕಾರಣವೂ ಇದೆ.

ಹಲ್ಲು ಮರಗಟ್ಟಿಸಲು ನಮ್ಮಲ್ಲಿ ಹೆಚ್ಚಾಗಿ ಬಳಸುವ ಔಷಧಿ ಲಿಗ್ನೋಕೇನ್. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ತಯಾರಿಸಿದ್ದು, 1948ರಲ್ಲಿ ಮಾರುಕಟ್ಟೆಗೆ ಬಂತು. ಶೇಕಡಾ 2ರ ಲಿಗ್ನೋಕೇನ್ ಜೊತೆ ಚೂರು ಅಡ್ರಿನಲಿನ್ ಸೇರಿಸಿರುತ್ತಾರೆ. ಅದು ರಕ್ತನಾಳಗಳನ್ನು ಕುಗ್ಗಿಸಿ ಔಷಧಿ ಬೇಗ ಹರಿದುಹೋಗದಂತೆ ತಡೆಯುತ್ತದೆ. (ಇಂಜೆಕ್ಷನ್ ಆದಮೇಲೆ ಎದೆ ಡವಡವ ಅಂದರೆ ಎಷ್ಟೋ ಜನ ಅಲರ್ಜಿ ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಅದು ಈ ಅಡ್ರಿನಲಿನ್ ಕೆಲಸ, ಕೆಲವು ನಿಮಿಷದಲ್ಲಿ ಇಳಿಯುತ್ತದೆ. ಲಿಗ್ನೋಕೇನ್‌ಗೆ ನಿಜವಾದ ಅಲರ್ಜಿ ತುಂಬಾ ಅಪರೂಪ.)

ಮೇಲಿನ ಹಲ್ಲಿಗೆ ಲಿಗ್ನೋಕೇನ್ ಬಹುತೇಕ ಸಾಕು. ಅಲ್ಲಿ ಮೂಳೆ ತೆಳು. ಹಲ್ಲಿನ ಪಕ್ಕ ಚುಚ್ಚಿದರೆ ಒಳಗೆ ಇಳಿಯುತ್ತದೆ. ತೊಂದರೆ ಕೊಡುವುದು ಕೆಳಗಿನ ದವಡೆ ಹಲ್ಲುಗಳು. ಅಲ್ಲಿ ಮೂಳೆ ದಪ್ಪ, ಗಟ್ಟಿ. ಹಾಗಾಗಿ ದವಡೆಯ ಹಿಂಭಾಗದಲ್ಲಿ, ನರ ಮೂಳೆಯೊಳಗೆ ಹೋಗುವ ಜಾಗದಲ್ಲೇ ಇಂಜೆಕ್ಷನ್ ಕೊಡುತ್ತೇವೆ. ಇದಕ್ಕೆ ಬ್ಲಾಕ್ ಅನ್ನುತ್ತೇವೆ. ತುಟಿಗೆ ಹೋಗುವುದೂ ಅದೇ ನರ, ಅದಕ್ಕೇ ತುಟಿ ಮರಗಟ್ಟುವುದು. ಆದರೆ ಹಲ್ಲಿನ ಒಳಗಿನ ತಿರುಳು ಕೆಂಡದ ಹಾಗೆ ಉರಿಯುತ್ತಿರುವಾಗ ಅದರ ನರದ ಎಳೆಗಳೇ ಕೆರಳಿರುತ್ತವೆ. ಮಾಮೂಲಿ ಔಷಧಿಗೆ ಸುಲಭವಾಗಿ ಬಗ್ಗುವುದಿಲ್ಲ. ತುಟಿ ಪೂರ್ತಿ ಮರಗಟ್ಟಿದ್ದರೂ ಹಲ್ಲು ಎಚ್ಚರವಾಗಿರಬಹುದು. ಇದು ಅಪರೂಪವೂ ಅಲ್ಲ, ರೋಗಿಯ ನಾಟಕವೂ ಅಲ್ಲ.

ಇಲ್ಲಿ ನನಗೆ ತುಂಬಾ ನೆರವಾಗಿರುವುದು ಆರ್ಟಿಕೇನ್ ಅನ್ನುವ ಇನ್ನೊಂದು ಮರಗಟ್ಟಿಸುವ ಔಷಧಿ. ಜರ್ಮನಿಯಲ್ಲಿ 1976ರಿಂದ ಬಳಕೆಯಲ್ಲಿದೆ, ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2000ದಲ್ಲಿ. ಕೊಬ್ಬಿನಲ್ಲಿ ಚೆನ್ನಾಗಿ ಕರಗುವ ಗುಣ ಇರುವುದರಿಂದ ಗಟ್ಟಿ ಮೂಳೆಯೊಳಗೂ ಚೆನ್ನಾಗಿ ಇಳಿಯುತ್ತದೆ. ಹಾಗಂತ ಎಲ್ಲದಕ್ಕೂ ಆರ್ಟಿಕೇನೇ ಕೊಡಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬ್ಲಾಕ್‌ನಲ್ಲಿ ಅದರಿಂದ ಹೇಳಿಕೊಳ್ಳುವಂಥ ಲಾಭ ನನಗೆ ಕಂಡಿಲ್ಲ. ಆರ್ಟಿಕೇನ್‌ನಿಂದ ಬ್ಲಾಕ್ ಕೊಟ್ಟಮೇಲೆ ನಾಲಿಗೆ, ತುಟಿ ಬಹಳ ದಿನ ಜೋಮು ಹಿಡಿದ ವರದಿಗಳೂ ಇವೆ. ನಾನು ಬ್ಲಾಕ್‌ಗೆ ಲಿಗ್ನೋಕೇನ್ ಕೊಟ್ಟು, ಅದು ಸಾಲದಿದ್ದರೆ ಕೆನ್ನೆಯ ಕಡೆ ಹಲ್ಲಿನ ಪಕ್ಕದಲ್ಲೇ ಆರ್ಟಿಕೇನ್ ಕೊಡುತ್ತೇನೆ. ಹೀಗೆ ಬ್ಲಾಕ್ ಜೊತೆಗೆ ಹೆಚ್ಚುವರಿಯಾಗಿ ಕೊಡುವಾಗ ಲಿಗ್ನೋಕೇನ್‌ಗಿಂತ ಆರ್ಟಿಕೇನ್ ಮೇಲು ಅಂತ ಅಧ್ಯಯನಗಳೂ ಹೇಳಿವೆ.

ಒಂದು ಎಚ್ಚರ ಬೇಕು. ಆರ್ಟಿಕೇನ್ ಶೇಕಡಾ 4ರದ್ದು. 1.8 ಮಿ.ಲೀ. ಲಿಗ್ನೋಕೇನ್‌ನಲ್ಲಿ 36 ಮಿಲಿಗ್ರಾಂ ಔಷಧಿ ಇದ್ದರೆ, ಅಷ್ಟೇ ಆರ್ಟಿಕೇನ್‌ನಲ್ಲಿ 72. ಸಣ್ಣ ಮೈಯವರಿಗೆ, ಮಕ್ಕಳಿಗೆ ಲೆಕ್ಕ ಹಾಕಿಯೇ ಕೊಡಬೇಕು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡುವುದಿಲ್ಲ. ಬೆಲೆಯೂ ಜಾಸ್ತಿ. ಆದರೆ ಒಬ್ಬರು ಕುರ್ಚಿಯ ಹಿಡಿ ಬಿಗಿಹಿಡಿದು ಅಳುತ್ತಿರುವಾಗ ಅದೇನು ದೊಡ್ಡ ಖರ್ಚಲ್ಲ ಅಲ್ವಾ?

ಅಡ್ರಿನಲಿನ್ ಬೇಡ ಅನ್ನುವವರಿಗೆ ಮೆಪಿವಕೇನ್ ಇದೆ, ಆದರೆ ಅದರ ಪರಿಣಾಮ ಬೇಗ ಇಳಿಯುತ್ತದೆ. ಬ್ಯುಪಿವಕೇನ್ ಗಂಟೆಗಟ್ಟಲೆ ಇರುತ್ತದೆ, ಹಿಡಿಯುವುದು ಮಾತ್ರ ನಿಧಾನ. ಒಂದು ಗಂಟೆ ಮುಂಚೆ ಐಬುಪ್ರೊಫೆನ್ ಅನ್ನುವ ನೋವಿನ ಮಾತ್ರೆ ತೆಗೆದುಕೊಂಡರೆ ಬ್ಲಾಕ್ ಚೆನ್ನಾಗಿ ಹಿಡಿಯುವ ಸಾಧ್ಯತೆ ಹೆಚ್ಚು. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇರುವವರು, ಗರ್ಭಿಣಿಯರು ಸುಮ್ನೆ ನುಂಗಬೇಡಿ, ನಿಮ್ಮ ಡಾಕ್ಟರನ್ನು ಕೇಳಿ.

ಯಾವ ಔಷಧಿ ಕೊಟ್ಟರೂ ಕೊರೆಯುವ ಮುಂಚೆ ಪರೀಕ್ಷೆ ಮಾಡಲೇಬೇಕು. ಹತ್ತಿಯ ಚೂರಿಗೆ ತಣ್ಣನೆಯ ಸ್ಪ್ರೇ ಹೊಡೆದು ಹಲ್ಲಿಗೆ ಮುಟ್ಟಿಸಿದರೆ ಆಯಿತು, ಒಂದು ನಿಮಿಷದ ಕೆಲಸ. ಚುಳ್ ಅಂದರೆ ಹಲ್ಲು ಇನ್ನೂ ಮರಗಟ್ಟಿಲ್ಲ. ಏನೂ ಅನ್ನಿಸದಿದ್ದರೂ ಕೊರೆಯುವಾಗ ನೋವಾದರೆ ಎಡಗೈ ಎತ್ತಿ ಅಂತ ಹೇಳಿರುತ್ತೇನೆ. ಕೈ ಎತ್ತಿದರೆ ಅಲ್ಲಿಗೇ ನಿಲ್ಲಿಸುತ್ತೇನೆ.

ಆ ಹೆಂಗಸಿಗೂ ಹಾಗೇ ಮಾಡಿದೆ. ಬ್ಲಾಕ್ ಕೊಟ್ಟು ಕಾಲು ಗಂಟೆ ಕಾದೆವು. ತುಟಿ ಪೂರ್ತಿ ಮರಗಟ್ಟಿತ್ತು. ಹತ್ತಿ ಮುಟ್ಟಿಸಿದ್ದೇ ತಡ, ಕುರ್ಚಿಯಿಂದ ಎದ್ದೇಬಿಟ್ಟರು. "ನೋಡಿ ಅಮ್ಮ, ನೀವು ಹೇಳಿದ್ದು ಸರಿ" ಎಂದೆ. ಪಕ್ಕದಲ್ಲಿ ಆರ್ಟಿಕೇನ್ ಕೊಟ್ಟು ಮತ್ತೆ ಕಾದೆವು. ಮತ್ತೆ ಹತ್ತಿ. ಏನೂ ಇಲ್ಲ. ಮುಕ್ಕಾಲು ಗಂಟೆ ಕೆಲಸ ನಡೆಯಿತು, ಒಂದು ಸಲವೂ ಕೈ ಎತ್ತಲಿಲ್ಲ.

ಬಾಯಿ ಮುಕ್ಕಳಿಸಿ, ಸೆರಗಲ್ಲಿ ಒರೆಸಿಕೊಂಡು ಕೇಳಿದರು: "ಹಾಗಾದ್ರೆ ಅವತ್ತು ನಂದೇನೂ ತಪ್ಪಿರ್ಲಿಲ್ಲ ಅಲ್ವಾ?"

"ಇರಲಿಲ್ಲಮ್ಮ" ಎಂದೆ. ಮುಂದಿನ ಗುರುವಾರ ಅವರದ್ದು ಎರಡನೇ ಸಿಟ್ಟಿಂಗ್ ಇದೆ.