ನಾರ್ಮಾ ಪಾತ್ರಕ್ಕೆ ನನ್ನ ಓಟು ಪ್ಯಾಟಿ ಲುಪೋನ್‌ಗೇ

ಮೊನ್ನೆ ರಾತ್ರಿ ಗೆಳತಿಯ ಜೊತೆ ಫೋನಿನಲ್ಲಿ ಒಂದು ಗಂಟೆ ವಾದ ಮಾಡಿದೆ. ವಿಷಯ ಒಂದೇ. 'ಸನ್‌ಸೆಟ್ ಬೂಲೆವಾರ್ಡ್' ಅನ್ನೋ ಮ್ಯೂಸಿಕಲ್‌ನಲ್ಲಿ, ಅಂದ್ರೆ ಹಾಡುಗಳಲ್ಲೇ ಕಥೆ ಸಾಗುವ ನಾಟಕದಲ್ಲಿ, ನಾರ್ಮಾ ಡೆಸ್ಮಂಡ್ ಪಾತ್ರ ಯಾರದ್ದು? ಅದನ್ನು ಮಾಡಿದ ಅಮೆರಿಕದ ನಟಿಯರಲ್ಲಿ ಪ್ಯಾಟಿ ಲುಪೋನ್ ಅವರದ್ದಾ, ಗ್ಲೆನ್ ಕ್ಲೋಸ್ ಅವರದ್ದಾ? ಕೊನೆಗೆ ಅವಳು ಎಲ್ಲರೂ ಹೇಳುವ ಮಾತನ್ನೇ ಹೇಳಿದಳು. "ಪ್ಯಾಟಿ ಚೆನ್ನಾಗಿ ಹಾಡ್ತಾರೆ, ಗ್ಲೆನ್ ಚೆನ್ನಾಗಿ ಆಕ್ಟ್ ಮಾಡ್ತಾರೆ. ಅಷ್ಟೇ ಕಣೇ, ಬಿಡು."

ನನಗೆ ಬಿಡೋಕೆ ಆಗಲಿಲ್ಲ. ಅದಕ್ಕೇ ಇಷ್ಟುದ್ದ ಬರೀತಾ ಇದ್ದೀನಿ.

ಮೊದಲೇ ಹೇಳಿಬಿಡ್ತೀನಿ, ಇಬ್ಬರನ್ನೂ ನಾನು ರಂಗದ ಮೇಲೆ ನೋಡಿಲ್ಲ. ನನ್ನ ಹತ್ತಿರ ಇರೋದು ಎರಡು ರೆಕಾರ್ಡಿಂಗ್. ಒಂದು 1993ರ ಲಂಡನ್ ತಂಡದ್ದು, ಅದರಲ್ಲಿ ಪ್ಯಾಟಿ. ಇನ್ನೊಂದು ಲಾಸ್ ಏಂಜಲೀಸ್ ತಂಡದ್ದು, ಅದರಲ್ಲಿ ಗ್ಲೆನ್. ಹೆಡ್‌ಫೋನ್ ಹಾಕಿಕೊಂಡು ಈ ಎರಡನ್ನೂ ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಟ್ಟಿಲ್ಲ.

ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಬಿಲ್ಲಿ ವೈಲ್ಡರ್ 1950ರಲ್ಲಿ ಮಾಡಿದ ಸಿನಿಮಾ ಇದಕ್ಕೆ ಮೂಲ. ನಾರ್ಮಾ ಮೂಕಿ ಚಿತ್ರಗಳ ಕಾಲದ ದೊಡ್ಡ ತಾರೆ. ಟಾಕಿ ಬಂತು, ಜನ ಅವಳನ್ನು ಮರೆತರು. ಹಾಲಿವುಡ್‌ನ ಹಳೇ ಬಂಗಲೆಯಲ್ಲಿ ಮ್ಯಾಕ್ಸ್ ಅನ್ನೋ ಬಟ್ಲರ್ ಜೊತೆ ಇದ್ದಾಳೆ. ಕೆಲಸವಿಲ್ಲದ, ಸಾಲದಲ್ಲಿ ಮುಳುಗಿದ ಚಿತ್ರಕಥೆಗಾರ ಜೋ ಗಿಲಿಸ್ ಆಕಸ್ಮಿಕವಾಗಿ ಆ ಮನೆಗೆ ಬರ್ತಾನೆ. ಅವಳು ಮತ್ತೆ ತೆರೆಗೆ ಬರೋಕೆ ಅಂತ ತಾನೇ ಬರೆದಿಟ್ಟುಕೊಂಡಿರುವ ಕಥೆಯನ್ನು ತಿದ್ದೋಕೆ ಅಲ್ಲೇ ಉಳಿತಾನೆ. ಅವಳಿಗೆ ಅವನ ಮೇಲೆ ಪ್ರೀತಿ ಹುಟ್ಟುತ್ತೆ. ಕೊನೆಗೆ ಜೋ ಅವಳ ಗುಂಡೇಟಿಗೇ ಸಾಯ್ತಾನೆ. ಸಂಗೀತ ಆಂಡ್ರ್ಯೂ ಲಾಯ್ಡ್ ವೆಬ್ಬರ್ ಅವರದ್ದು, ಹಾಡು ಮತ್ತು ಮಾತು ಡಾನ್ ಬ್ಲ್ಯಾಕ್ ಮತ್ತು ಕ್ರಿಸ್ಟೋಫರ್ ಹ್ಯಾಂಪ್ಟನ್ ಅವರದ್ದು.

ಇಲ್ಲೊಂದು ವಿಚಿತ್ರ ಗಮನಿಸಿ. ನಾರ್ಮಾ ಬರೀ ಮುಖದಿಂದ ಗೆದ್ದವಳು. ಮಾತೇ ಬೇಡ, ಕಣ್ಣೇ ಸಾಕು ಅನ್ನೋದು ಅವಳ ಹೆಮ್ಮೆ. ಅಂಥವಳ ಬಾಯಿಗೆ ಈ ಮ್ಯೂಸಿಕಲ್ ಅತಿ ದೊಡ್ಡ ಹಾಡುಗಳನ್ನು ಕೊಟ್ಟಿದೆ. ಹಾಗಾದರೆ ಆ ದನಿ ಹೇಗಿರಬೇಕು? ಪ್ಯಾಟಿ, ಗ್ಲೆನ್ ಬೇರೆ ಆಗೋದು ಈ ಪ್ರಶ್ನೆಯಲ್ಲೇ ಅನ್ನಿಸುತ್ತೆ ನನಗೆ.

ಪ್ಯಾಟಿ ಆಗಲೇ ಮ್ಯೂಸಿಕಲ್ ಲೋಕದ ದೊಡ್ಡ ಹೆಸರು. 1979ರಲ್ಲಿ ನ್ಯೂಯಾರ್ಕಿನ ನಾಟಕಲೋಕವಾದ ಬ್ರಾಡ್‌ವೇಯಲ್ಲಿ 'ಎವಿಟಾ' ಮಾಡಿ, ಮರುವರ್ಷ ಅಲ್ಲಿನ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿ ಗೆದ್ದಿದ್ದರು. 1985ರಲ್ಲಿ ಲಂಡನ್‌ನ 'ಲೇ ಮಿಸೆರಾಬ್ಲ್'ನಲ್ಲಿ ಫ್ಯಾಂಟೀನ್ ಆಗಿದ್ದರು. 1993ರ ಜುಲೈನಲ್ಲಿ ಅಡೆಲ್ಫಿ ಥಿಯೇಟರ್‌ನಲ್ಲಿ 'ಸನ್‌ಸೆಟ್' ಶುರುವಾದಾಗ ಅವರಿಗೆ 44 ವರ್ಷ. ಗ್ಲೆನ್ ಕೂಡ ಮ್ಯೂಸಿಕಲ್‌ಗೆ ಹೊಸಬರೇನಲ್ಲ, 1980ರಲ್ಲೇ 'ಬಾರ್ನಮ್' ಮಾಡಿದ್ದರು. ಆದರೆ ಜನ ಅವರನ್ನು ಗುರುತಿಸಿದ್ದು ಸಿನಿಮಾದಿಂದ. 'ಫೇಟಲ್ ಅಟ್ರಾಕ್ಷನ್' ನೋಡಿದವರಿಗೆ ಆ ಕಣ್ಣು ಮರೆಯೋಕೆ ಸಾಧ್ಯವಾ? 1993ರ ಡಿಸೆಂಬರ್‌ನಲ್ಲಿ ಅವರು ಲಾಸ್ ಏಂಜಲೀಸ್‌ನಲ್ಲಿ ನಾರ್ಮಾ ಆದರು.

ಈಗ 'ವಿತ್ ಒನ್ ಲುಕ್' ಹಾಡಿಗೆ ಬರೋಣ. ಜೋ ಅವಳನ್ನು ಗುರುತಿಸಿ, ನೀವು ಒಂದು ಕಾಲದಲ್ಲಿ ದೊಡ್ಡವರಾಗಿದ್ರಿ ಅಂದಮೇಲೆ ಬರುವ ಹಾಡು. ಕೆಳಗಿನ ಸ್ವರದಲ್ಲಿ ಮೆಲ್ಲಗೆ ಶುರುವಾಗಿ, ಕೊನೆಗೆ ಮೇಲೆ ಹೋಗಿ ನಿಲ್ಲುತ್ತೆ.

ಗ್ಲೆನ್ ಇದನ್ನು ಅರ್ಧ ಮಾತಿನ ಹಾಗೆ ಹಾಡ್ತಾರೆ. ಒಂದೊಂದು ಅಕ್ಷರವೂ ಸ್ಪಷ್ಟ. ಪದಗಳನ್ನು ಕಚ್ಚಿ ಕಚ್ಚಿ ಕೊಡ್ತಾರೆ. ಮೊದಲ ಸಾಲಿನಲ್ಲೇ ಈ ಹೆಂಗಸಿಗೆ ಏನೋ ಆಗಿದೆ ಅಂತ ಗೊತ್ತಾಗಿಬಿಡುತ್ತೆ. ದನಿಯಲ್ಲೊಂದು ನಡುಕ ಇದೆ, ಬಣ್ಣ ಜಾಸ್ತಿ ಬಳಿದ ಮುಖದ ಹಾಗೆ. ಮೇಲಿನ ಸ್ವರಕ್ಕೆ ಹೋದಾಗ ದನಿ ತೆಳ್ಳಗಾಗುತ್ತೆ. ಅದನ್ನು ಅವರು ಮುಚ್ಚಿಡೋದಿಲ್ಲ, ಪಾತ್ರಕ್ಕೇ ಬಳಸಿಕೊಳ್ತಾರೆ. ಕೇಳ್ತಾ ಕೇಳ್ತಾ ಮೈ ಜುಮ್ಮೆನ್ನುತ್ತೆ, ಅದರಲ್ಲಿ ಎರಡು ಮಾತಿಲ್ಲ.

ಪ್ಯಾಟಿ ಹಾಗಲ್ಲ. ಅವರು ಎಳೆದು, ಒಂದು ಸಾಲನ್ನು ಇನ್ನೊಂದಕ್ಕೆ ಹೊಲಿದ ಹಾಗೆ ಹಾಡ್ತಾರೆ. ಕೆಲವು ಪದ ಸರಿಯಾಗಿ ಕೇಳಿಸೋದೂ ಇಲ್ಲ. ಅವರ ಉಚ್ಚಾರದ ಬಗ್ಗೆ ದೂರು ಮೊದಲಿನಿಂದಲೂ ಇದೆ, ಒಪ್ತೀನಿ. ಆದರೆ ಶುರುವಿನಲ್ಲಿ ಅವರ ದನಿಯಲ್ಲಿ ಒಂದು ಬೆಚ್ಚಗಿನ ನಗು ಇದೆ. ಹಳೇ ಫೋಟೋ ತೆಗೆದು ತೋರಿಸುವಾಗ ಇರುತ್ತಲ್ಲ, ಆ ಥರದ ನಗು. ಹುಚ್ಚಿಯ ನಗು ಅಲ್ಲ. ಆಮೇಲೆ ಒಂದೊಂದೇ ಮೆಟ್ಟಿಲು ಹತ್ತಿ ಹತ್ತಿ, ಕೊನೆಯ ಸ್ವರದಲ್ಲಿ ಕಂಠ ಪೂರ್ತಿ ಬಿಡ್ತಾರೆ. ಆರ್ಕೆಸ್ಟ್ರಾ ಅಷ್ಟು ಜೋರಾಗಿ ನುಡಿತಾ ಇರುತ್ತೆ, ಆ ದನಿ ಅದರ ಮೇಲೆ ನಿಲ್ಲುತ್ತೆ.

ಆ ಕೊನೆಯ ಸ್ವರ ಕೇಳಿದಾಗ ನನಗೆ ಒಂದು ವಿಷಯ ನಂಬಿಕೆಯಾಗುತ್ತೆ. ಈ ಹೆಂಗಸು ನಿಜಕ್ಕೂ ದೊಡ್ಡವಳಾಗಿದ್ದಳು.

ನನ್ನ ವಾದವೆಲ್ಲ ಇಷ್ಟೇ. ಇದಾದ ಸ್ವಲ್ಪ ಹೊತ್ತಿಗೆ ಮ್ಯಾಕ್ಸ್ 'ದ ಗ್ರೇಟೆಸ್ಟ್ ಸ್ಟಾರ್ ಆಫ್ ಆಲ್' ಅಂತ ಹಾಡ್ತಾನೆ. ಅವಳಂಥ ತಾರೆ ಇನ್ನೊಬ್ಬಳಿಲ್ಲ ಅಂತ. ಲಂಡನ್ ರೆಕಾರ್ಡಿಂಗ್‌ನಲ್ಲಿ ಡೇನಿಯಲ್ ಬೆಂಜಾಲಿ ಅದನ್ನು ದೇವರ ಮುಂದೆ ನಿಂತು ಹಾಡಿದ ಹಾಗೆ ಹಾಡಿದ್ದಾರೆ. ಈ ಮ್ಯಾಕ್ಸ್ ಬರೀ ಬಟ್ಲರ್ ಅಲ್ಲ, ಒಂದು ಕಾಲದಲ್ಲಿ ಅವಳ ನಿರ್ದೇಶಕ, ಅವಳ ಮೊದಲ ಗಂಡ. ಅದು ಗೊತ್ತಾಗೋದು ಆಮೇಲೆ. ಗ್ಲೆನ್ ಅವರ ರೆಕಾರ್ಡಿಂಗ್‌ನಲ್ಲಿ ಈ ಹಾಡು ಬಂದಾಗ ಅಯ್ಯೋ ಪಾಪ ಅನ್ನಿಸುತ್ತೆ. ಪ್ರೀತಿಗೆ ಹೀಗೆ ಹೇಳ್ತಿದ್ದಾನೆ, ಅವಳ ಭ್ರಮೆಗೆ ಇವನೂ ನೀರೆರೀತಿದ್ದಾನೆ ಅನ್ನಿಸುತ್ತೆ. ಪ್ಯಾಟಿ ಅವರದ್ದರಲ್ಲಿ ಹೌದಲ್ವಾ, ನಿಜ ತಾನೇ ಹೇಳ್ತಿದ್ದಾನೆ ಅನ್ನಿಸುತ್ತೆ. ಅದಕ್ಕೆ ಸಾಕ್ಷಿ ಈಗ ತಾನೇ ನಮ್ಮ ಕಿವಿಗೆ ಬಿದ್ದಿದೆ.

ಇಷ್ಟು ವ್ಯತ್ಯಾಸದಿಂದ ಇಡೀ ನಾಟಕವೇ ಬದಲಾಗುತ್ತೆ. ನಾರ್ಮಾ ಮೊದಲಿನಿಂದಲೇ ಬುದ್ಧಿ ಕೆಟ್ಟವಳು ಅಂದ್ರೆ, ಕೊನೆಗೆ ಬುದ್ಧಿ ಕೆಟ್ಟಾಗ ಹೊಸದಾಗಿ ಏನಾಯ್ತು? ಎತ್ತರದಲ್ಲಿದ್ದವಳು ಬಿದ್ದರೆ ತಾನೇ ಬಿದ್ದ ನೋವು ನಮಗೂ ತಾಕೋದು. ಪ್ಯಾಟಿಯ ನಾರ್ಮಾಗೆ ತಮಾಷೆ ಗೊತ್ತು, ಸಿಟ್ಟು ಗೊತ್ತು, ಪ್ರೀತಿ ಗೊತ್ತು. ಸತ್ತುಹೋದ ಸಾಕು ಚಿಂಪಾಂಜಿಯ ಮುಂದೆ ಕೂತು ಅವಳು ಹಾಡುವ 'ಸರೆಂಡರ್' ಅನ್ನೋ ಪುಟ್ಟ ಹಾಡಿದೆ. ಪ್ಯಾಟಿ ಅದನ್ನು ಮಗುವಿಗೆ ಜೋಗುಳ ಹಾಡಿದಷ್ಟು ಮೃದುವಾಗಿ ಹಾಡ್ತಾರೆ. ಮನೆಗೆ ಬರುವವರು ಯಾರೂ ಇಲ್ಲ, ಪ್ರೀತಿಸೋಕೆ ಇದ್ದದ್ದು ಅದೊಂದೇ ಜೀವ. ಅದು ಆ ದನಿಯಲ್ಲಿ ಕೇಳಿಸುತ್ತೆ. ಇದು ಅಭಿನಯ ಅಲ್ಲದೆ ಮತ್ತೇನು? ಕಣ್ಣರಳಿಸೋದು, ಕೈ ತಿರುಗಿಸೋದು ಮಾತ್ರ ಆಕ್ಟಿಂಗಾ? ಮ್ಯೂಸಿಕಲ್‌ನಲ್ಲಿ ಉಸಿರು ಎಲ್ಲಿ ತಗೋತೀರಿ ಅನ್ನೋದೂ ಆಕ್ಟಿಂಗೇ.

ಈಗ ಗ್ಲೆನ್ ಪರವಾಗಿ. ಎರಡನೇ ಅಂಕದಲ್ಲಿ ನಾರ್ಮಾ ಎಷ್ಟೋ ವರ್ಷದ ಮೇಲೆ ಪ್ಯಾರಮೌಂಟ್ ಸ್ಟುಡಿಯೋಗೆ ಹೋಗ್ತಾಳೆ. ನಿರ್ದೇಶಕ ಸೆಸಿಲ್ ಬಿ. ಡಿಮಿಲ್ ತನ್ನ ಚಿತ್ರ ಮಾಡೋಕೆ ಕರೆದಿದ್ದಾರೆ ಅಂತ ಅವಳ ನಂಬಿಕೆ. ನಿಜದಲ್ಲಿ ಸ್ಟುಡಿಯೋದವರು ಫೋನ್ ಮಾಡಿದ್ದು ಅವಳ ಹಳೇ ಕಾರು ಬಾಡಿಗೆಗೆ ಬೇಕು ಅಂತ. ಅವಳು ಸೆಟ್‌ನಲ್ಲಿ ಒಂದು ಕಡೆ ನಿಂತಿರ್ತಾಳೆ. ಮೇಲೆ ಲೈಟ್ ಹಿಡಿದಿದ್ದ ಹಳಬನೊಬ್ಬ ಅವಳನ್ನು ಗುರುತು ಹಿಡಿದು ಸ್ಪಾಟ್‌ಲೈಟನ್ನು ಅವಳ ಕಡೆ ತಿರುಗಿಸ್ತಾನೆ. ಆ ಬೆಳಕು ಮುಖಕ್ಕೆ ಬಿದ್ದಾಗ ಶುರುವಾಗೋದು 'ಆ್ಯಸ್ ಇಫ್ ವಿ ನೆವರ್ ಸೆಡ್ ಗುಡ್‌ಬೈ'.

ಈ ಹಾಡನ್ನು ನಾನು ಮೊದಲು ಕೇಳಿದ್ದು ಅಮೆರಿಕದ ಗಾಯಕಿ ಬಾರ್ಬ್ರಾ ಸ್ಟ್ರೈಸ್ಯಾಂಡ್ ದನಿಯಲ್ಲಿ. ನಾಟಕ ಲಂಡನ್‌ನಲ್ಲಿ ಶುರುವಾಗೋ ಮುಂಚೆಯೇ ಅವರು ಇದನ್ನು ತಮ್ಮ ಆಲ್ಬಮ್‌ಗೆ ಹಾಡಿಬಿಟ್ಟಿದ್ದರು. ತುಂಬ ಚೆಂದದ ಹಾಡುಗಾರಿಕೆ. ಆದರೆ ಇದು ಭಯದ ಹಾಡು ಅಂತ ನನಗೆ ಗೊತ್ತಾಗಿದ್ದು ಗ್ಲೆನ್ ಕೇಳಿದ ಮೇಲೆ. ಮೊದಲ ಸಾಲುಗಳನ್ನು ಅವರು ಹಾಡೋದೇ ಇಲ್ಲ ಅನ್ನಬಹುದು. ಉಸಿರಿನಲ್ಲಿ ಹೇಳ್ತಾರೆ. ಒಂದು ಸಾಲು, ಸ್ವಲ್ಪ ಮೌನ, ಇನ್ನೊಂದು ಸಾಲು. ತವರಿನ ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಅಂತ ಕೇಳೋ ಮಗಳ ಥರ. ಆಮೇಲೆ ಆ ಜಾಗದ ಗದ್ದಲ, ಮುಂಜಾನೆಯ ಮೇಕಪ್, ಕಟ್ಟಿ ಬಿಚ್ಚುವ ಸೆಟ್‌ಗಳು ಒಂದೊಂದಾಗಿ ನೆನಪಾಗುತ್ತಾ ದನಿಗೆ ಧೈರ್ಯ ಬರುತ್ತೆ. ತೆಳ್ಳಗಿನ ದನಿಗೆ ಧೈರ್ಯ ಬರೋದನ್ನು ಕೇಳೋದೇ ಬೇರೆ. ಪ್ಯಾಟಿಗೆ ಇಲ್ಲಿ ದನಿಯೇ ಅಡ್ಡ ಬರುತ್ತೆ. ಅಷ್ಟು ಶಕ್ತಿ ಇರೋ ಕಂಠ ಹೆದರಿದೆ ಅಂದ್ರೆ ನಂಬೋದು ಕಷ್ಟ. ಈ ಒಂದು ಹಾಡು ಗ್ಲೆನ್ ಅವರದ್ದೇ. ಬುದ್ಧಿ ಕೆಟ್ಟ ನಾರ್ಮಾ ಮೆಟ್ಟಿಲಿಳಿದು ಬರುವ ಕೊನೆಯ ದೃಶ್ಯವೂ ಹೆಚ್ಚುಕಡಿಮೆ ಅವರದ್ದೇ.

2016ರಲ್ಲಿ ಗ್ಲೆನ್ ಲಂಡನ್‌ನ ಕೊಲಿಸಿಯಂ ಥಿಯೇಟರ್‌ನಲ್ಲಿ ಮತ್ತೆ ನಾರ್ಮಾ ಆದರು. ಮರುವರ್ಷ ಬ್ರಾಡ್‌ವೇಯಲ್ಲೂ. ಹತ್ತಿರ ಹತ್ತಿರ 70 ವರ್ಷ. ಕಥೆಯ ನಾರ್ಮಾಗೆ 50. ಈ ಸಲ ಆ ದೊಡ್ಡ ಬಂಗಲೆಯ ಸೆಟ್ ಇಲ್ಲ, ಇಡೀ ಆರ್ಕೆಸ್ಟ್ರಾ ರಂಗದ ಮೇಲೆಯೇ ಕೂತಿತ್ತು. ಲಂಡನ್‌ನಲ್ಲಿ ಅವರಿಗೆ ಹುಷಾರು ತಪ್ಪಿದಾಗ ಬದಲಿ ನಟಿ ರಿಯಾ ಜೋನ್ಸ್ ಹಾಡಿದರು, ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ವಿಶೇಷ ಅಂದ್ರೆ, 1991ರಲ್ಲಿ ಈ ನಾಟಕ ಇನ್ನೂ ತಯಾರಾಗುತ್ತಿದ್ದಾಗ ಮೊಟ್ಟಮೊದಲು ನಾರ್ಮಾ ಆಗಿ ಹಾಡಿದ್ದವರೂ ಇದೇ ರಿಯಾ. ಅವರ ಬಗ್ಗೆ ಇನ್ನೊಂದು ದಿನ ಬರೀಬೇಕು.

ಒಂದು ನೋವಿನ ವಿಷಯ ಹೇಳದೆ ಇರೋಕೆ ಆಗಲ್ಲ. ಬ್ರಾಡ್‌ವೇಯಲ್ಲಿ ನಾರ್ಮಾ ಮಾಡೋಕೆ ಪ್ಯಾಟಿ ಜೊತೆ ಒಪ್ಪಂದ ಆಗಿತ್ತು. ಆದರೂ 1994ರಲ್ಲಿ ವೆಬ್ಬರ್ ಕಡೆಯವರು ಅವರನ್ನು ಬಿಟ್ಟು ಗ್ಲೆನ್ ಅವರನ್ನು ಆರಿಸಿದರು. ದುಡ್ಡು ಕೊಟ್ಟು ವಿಷಯ ಇತ್ಯರ್ಥ ಮಾಡಿಕೊಂಡರು. ಆ ದುಡ್ಡಿನಲ್ಲಿ ಪ್ಯಾಟಿ ಮನೆಯಲ್ಲಿ ಈಜುಕೊಳ ಕಟ್ಟಿಸಿ ಅದಕ್ಕೆ 'ಆಂಡ್ರ್ಯೂ ಲಾಯ್ಡ್ ವೆಬ್ಬರ್ ಮೆಮೋರಿಯಲ್ ಪೂಲ್' ಅಂತ ಹೆಸರಿಟ್ಟರು. ಜನ ಈ ಕಥೆ ಹೇಳಿ ನಗ್ತಾರೆ. ನನಗೆ ನಗು ಬರಲ್ಲ. ತನ್ನನ್ನು ಸ್ಟುಡಿಯೋ ಕೈಬಿಟ್ಟಿತು ಅಂತ ರಂಗದ ಮೇಲೆ ದಿನವೂ ಹಾಡುವ ಹೆಂಗಸಿಗೆ, ನಿಜದಲ್ಲೂ ಅದೇ ಆಯ್ತು. ಸುದ್ದಿ ಗೊತ್ತಾದ ಮೇಲೂ ಅದೇ ಹಾಡುಗಳನ್ನು ಹಾಡಬೇಕಾಯ್ತು. ಆ ರಾತ್ರಿಗಳಲ್ಲಿ ಹೇಗೆ ಹಾಡಿದರೋ. 1995ರಲ್ಲಿ ಟೋನಿ ಗ್ಲೆನ್‌ಗೆ ಬಂತು. ಆ ವಿಭಾಗದಲ್ಲಿ ಇದ್ದದ್ದೇ ಇಬ್ಬರು. ಗ್ಲೆನ್ ಮೇಲೆ ನನಗೆ ಸಿಟ್ಟಿಲ್ಲ, ಅವರೇನೂ ಕಿತ್ತುಕೊಂಡದ್ದಲ್ಲ. 2018ರ ಗ್ರ್ಯಾಮಿ ಸಂಗೀತ ಪ್ರಶಸ್ತಿ ಸಮಾರಂಭದಲ್ಲಿ ಪ್ಯಾಟಿ ಮತ್ತೆ ವೆಬ್ಬರ್ ಅವರ 'ಎವಿಟಾ' ಹಾಡು ಹಾಡಿದ್ದು ಕೇಳಿ ಮನಸ್ಸಿಗೆ ಸ್ವಲ್ಪ ಸಮಾಧಾನ ಆಯ್ತು.

ಈ ಅನ್ಯಾಯ ನೋಡಿ ಪ್ಯಾಟಿಗೆ ಓಟು ಹಾಕ್ತಿದ್ದೀಯ ಅಂತ ಗೆಳತಿ ಹೇಳಿದಳು. ಅಲ್ಲ. ಈ ಕಥೆ ಗೊತ್ತಾಗೋಕೆ ಎಷ್ಟೋ ಮುಂಚೆ ನಾನು ಆ ರೆಕಾರ್ಡಿಂಗ್‌ಗೆ ಸೋತಿದ್ದೆ. ಗ್ಲೆನ್ ಅವರ ನಾರ್ಮಾಳನ್ನು ನೆನೆಸಿಕೊಂಡರೆ ನನಗೆ ಭಯ ಆಗುತ್ತೆ, ಮರುಕ ಹುಟ್ಟುತ್ತೆ. ಪ್ಯಾಟಿ ಅವರ ನಾರ್ಮಾಳನ್ನು ನೆನೆಸಿಕೊಂಡರೆ ಅವಳು ಮಾಡಿದ ಮೂಕಿ ಚಿತ್ರಗಳನ್ನು ನೋಡಬೇಕು ಅನ್ನಿಸುತ್ತೆ. ಆ ಚಿತ್ರಗಳು ಇಲ್ಲ, ಅವಳೇ ಇಲ್ಲ, ಎಲ್ಲ ಕಟ್ಟುಕಥೆ. ಆದರೂ ನೋಡಬೇಕು ಅನ್ನಿಸುತ್ತೆ.

ಫೋನ್ ಇಟ್ಟ ಮೇಲೆ ಗೆಳತಿಗೆ ಎರಡೇ ಹಾಡು ಕಳಿಸಿದೆ. ಮೊದಲು ಪ್ಯಾಟಿ ಅವರ 'ವಿತ್ ಒನ್ ಲುಕ್', ಅದರ ಹಿಂದೆಯೇ ಬೆಂಜಾಲಿ ಅವರ ಮ್ಯಾಕ್ಸ್ ಹಾಡು. ಲೈಟ್ ಆರಿಸಿ, ಮಧ್ಯೆ ನಿಲ್ಲಿಸದೆ ಕೇಳು ಅಂದೆ. ರಾತ್ರಿ ಒಂದೂವರೆಗೆ ಅವಳ ಮೆಸೇಜ್ ಬಂತು: "ಆ ಮ್ಯಾಕ್ಸ್ ಸುಳ್ಳು ಹೇಳ್ತಾ ಇಲ್ಲ ಕಣೇ."