ತಾತನಿಗೆ ಜೋಳದ ಪರಿಚಯ

ಹೋದ ವರ್ಷ ನಮ್ಮೂರಿಗೆ ಜೋಳವನ್ನು ಪರಿಚಯ ಮಾಡಿಸಲು ಬಂದಿದ್ದರು. ಸಣ್ಣ ರೈತರಿಗೆ ಸುಧಾರಿತ ಹೈಬ್ರಿಡ್ ಮುಸುಕಿನ ಜೋಳದ ಬೀಜದ ಪರಿಚಯ ಮತ್ತು ವಿತರಣೆ ಅಂತ ದೊಡ್ಡ ಫ್ಲೆಕ್ಸ್. ಫ್ಲೆಕ್ಸಿನಲ್ಲಿ ಹದಿನಾರು ಮುಖಗಳು, ಒಂದೇ ಒಂದು ಜೋಳದ ತೆನೆ. ಆಗ ಜೂನ್ ಕೊನೆಯ ವಾರ. ಶಾಮಿಯಾನ ಹಾಕಲು ಖಾಲಿ ಹೊಲ ಹುಡುಕಿದರು, ಸಿಗಲಿಲ್ಲ. ಎಲ್ಲಾ ಕಡೆ ಜೋಳ ಮೊಣಕಾಲುದ್ದ ಬೆಳೆದು ನಿಂತಿತ್ತು. ಕೊನೆಗೆ ಶಾಲೆಯ ಮೈದಾನವೇ ಗತಿಯಾಯಿತು.

ಕೊಡಗಿನಲ್ಲಿ ಎಲ್ಲಿಯ ಜೋಳ ಅಂತ ಕೇಳುವವರು ಒಮ್ಮೆ ಕುಶಾಲನಗರದಿಂದ ಹೆಬ್ಬಾಲೆ, ತೊರೆನೂರು, ಶಿರಂಗಾಲದ ಕಡೆ ಬನ್ನಿ. ಭಾಗಮಂಡಲದಲ್ಲಿ ಸುರಿಯುವ ಮಳೆಯ ಕಾಲು ಭಾಗವೂ ಇಲ್ಲಿ ಬೀಳುವುದಿಲ್ಲ. ಮಂಜೂ ಕಮ್ಮಿ, ಹೋಂಸ್ಟೇಯೂ ಕಮ್ಮಿ. ಶುಂಠಿ, ಜೋಳ. ಹಾರಂಗಿ ಅಣೆಕಟ್ಟಿನಿಂದ ನೀರು ಹರಿಸಿದರೆ ಭತ್ತ. ಪ್ರವಾಸಿಗಳ ಫೋಟೋಗೆ ಬೀಳದ ಕೊಡಗು ಇದು.

ಭಾಷಣ ಶುರುವಾಯಿತು. ಹೈಬ್ರಿಡ್ ಅನ್ನುವ ಹೊಚ್ಚ ಹೊಸ ತಂತ್ರಜ್ಞಾನ ನಿಮ್ಮ ಮನೆ ಬಾಗಿಲಿಗೆ ಬಂದಿದೆ ಎಂದರು. ಆದರೆ ನಮ್ಮ ದೇಶದಲ್ಲಿ ಮುಸುಕಿನ ಜೋಳದ ಮೊದಲ ಹೈಬ್ರಿಡ್ ತಳಿಗಳು ಬಿಡುಗಡೆಯಾಗಿದ್ದು 1961ರಲ್ಲಿ. ಗಂಗಾ, ರಣಜಿತ್, ಡೆಕ್ಕನ್ ಅಂತ ಹೆಸರು. ಮಾತಾಡುತ್ತಿದ್ದವರು ಆಗ ಹುಟ್ಟೇ ಇರಲಿಲ್ಲ. ಮಂಡ್ಯದ ವಿ.ಸಿ. ಫಾರ್ಮ್ ಅನ್ನುವ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಹೇಮಾ ತಳಿಯ ಹೆಸರನ್ನಾದರೂ ಹೇಳುತ್ತಾರೇನೋ ಅಂತ ಕಾದೆ. ಅದನ್ನೂ ಹೇಳಲಿಲ್ಲ.

ಮುಖ್ಯ ಅತಿಥಿಗಳು ಪೊಟ್ಟಣ ಬಿಚ್ಚಿ ಬೀಜವನ್ನು ಅಂಗೈಗೆ ಸುರಿದುಕೊಂಡರು. ಬೀಜೋಪಚಾರ ಮಾಡಿದ, ಅಂದರೆ ವಿಷದ ಔಷಧಿ ಸವರಿದ ಬೀಜ, ಗುಲಾಬಿ ಬಣ್ಣ. ಜಾತ್ರೆಯ ಮಿಠಾಯಿ ಥರ ಕಾಣುತ್ತಿತ್ತು. ಮಾತಿನ ಭರದಲ್ಲಿ ಎರಡು ಕಾಳು ಬಾಯಿಗೆ ಹಾಕಿಕೊಳ್ಳಲು ಹೋದರು. ಹಿಂದೆ ನಿಂತಿದ್ದ ಹುಡುಗ ಕೈ ಹಿಡಿಯದಿದ್ದರೆ ಅವತ್ತಿನ ಕಾರ್ಯಕ್ರಮ ಮಡಿಕೇರಿ ಆಸ್ಪತ್ರೆಯಲ್ಲಿ ಮುಂದುವರಿಯುತ್ತಿತ್ತು.

ಆಮೇಲೆ ಒಬ್ಬ ತರುಣ ಅಧಿಕಾರಿ ಮಾತಾಡಿದರು. ಇವರು ಮಾತ್ರ ವಿಷಯ ಬಲ್ಲವರು. ಹೈಬ್ರಿಡ್ ಹೇಗೆ ಹುಟ್ಟುತ್ತದೆ ಅಂತ ಚೆನ್ನಾಗಿ ಬಿಡಿಸಿ ಹೇಳಿದರು. ಅಪ್ಪನ ತಳಿಯದು ಒಂದು ಸಾಲು, ಅಮ್ಮನ ತಳಿಯದು ಕೆಲವು ಸಾಲು. ಅಮ್ಮನ ಸಾಲಿನ ಸೂಲಂಗಿಯನ್ನು, ಅಂದರೆ ತುದಿಯ ಗಂಡು ಹೂವನ್ನು, ಪರಾಗ ಉದುರುವ ಮೊದಲೇ ಕಿತ್ತು ಹಾಕಬೇಕು. ಆಗ ಅಪ್ಪನ ಪರಾಗವೇ ಅಮ್ಮನ ತೆನೆಗೆ ಬೀಳುತ್ತದೆ. ಆ ತೆನೆಯ ಕಾಳೇ ಈ ಬೀಜ. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ಕೇಳಿದರು: ‘ಇದರಲ್ಲೇ ಸ್ವಲ್ಪ ಬೀಜಕ್ಕೆ ಅಂತ ಎತ್ತಿಟ್ಟರೆ ಬರೋದಿಲ್ವಾ?’

‘ಬರತ್ತೆ ಅಮ್ಮ, ಆದರೆ ಎರಡನೇ ತಲೆಮಾರಿಗೆ ಗುಣ ಒಡೆದು ಹೋಗತ್ತೆ. ಒಂದು ಗಿಡ ಎತ್ತರ, ಒಂದು ಗಿಡ ಗಿಡ್ಡ. ಇಳುವರಿ ಬೀಳತ್ತೆ. ಪ್ರತಿ ವರ್ಷ ಹೊಸ ಬೀಜವನ್ನೇ ತಗೋಬೇಕು.’

‘ಹಂಗಾದ್ರೆ ಪ್ರತಿ ವರ್ಷ ಬಂದು ಪರಿಚಯ ಮಾಡಿಸ್ತೀರಾ?’

ಚಪ್ಪಾಳೆ ಬಿತ್ತು. ಯಾರಿಗೆ ಅಂತ ಗೊತ್ತಾಗಲಿಲ್ಲ.

ನಂತರ ವಿತರಣೆ. ಮೈಕಿನಲ್ಲಿ ಫಲಾನುಭವಿಗಳ ಹೆಸರು ಕೂಗುತ್ತಿದ್ದರು. ನಾಲ್ಕನೆಯದು ನಮ್ಮ ತಾತನ ಹೆಸರು. ತಾತ ತೀರಿಕೊಂಡು 31 ವರ್ಷ ಆಯಿತು. ಜನ ನನ್ನ ಕಡೆ ನೋಡಿದರು. ಎರಡನೇ ಸಲ ಕೂಗಿದಾಗ ಎದ್ದು ಹೋದೆ. ಅರಿಶಿನ ಕುಂಕುಮ ಹಚ್ಚಿದ 4 ಕೆಜಿ ಪೊಟ್ಟಣ ಕೈಗೆ ಬಂತು, ಫೋಟೋ ಆಯಿತು. ಮೆಟ್ಟಿಲು ಇಳಿಯುವಷ್ಟರಲ್ಲಿ ಪೊಟ್ಟಣ ವಾಪಸ್ ಕೇಳಿದರು. ಸ್ಟೇಜ್ ಮೇಲೆ ಇದ್ದದ್ದೇ ಐದು ಪೊಟ್ಟಣ, ಮುಂದಿನವರಿಗೂ ಫೋಟೋ ಬೇಕಲ್ವಾ? ಬೀಜ ಕಚೇರಿಯಲ್ಲಿ ತಗೊಳ್ಳಿ ಎಂದರು.

ಕಚೇರಿಗೆ ಹೋದೆ. ಆಧಾರ್, ಪಹಣಿ, ಪಾಸ್‌ಬುಕ್, ರೈತರ ನೋಂದಣಿಯ ಫ್ರೂಟ್ಸ್ ನಂಬರ್ ಎಲ್ಲಾ ಇಟ್ಟೆ. ಪಹಣಿಯಲ್ಲಿ ತಾತ, ಆಧಾರ್‌ನಲ್ಲಿ ನಾನು. ತಾಳೆ ಆಗಲಿಲ್ಲ. ‘ಪಹಣಿಯಲ್ಲಿ ಇರೋರನ್ನೇ ಕರ್ಕೊಂಡು ಬನ್ನಿ’ ಅಂದರು. ಹೋಗಿ ಕರೆದುಕೊಂಡು ಬರಬಹುದು, ಆದರೆ ವಾಪಸ್ ಬರೋದು ಕಷ್ಟ ಅಂದೆ. ಅವರು ನಗಲಿಲ್ಲ. ಪೌತಿ ಖಾತೆ ಮಾಡಿಸಿ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಿ ಅಂದರು. ಅದಕ್ಕೆ ತಾತನ ಮರಣ ಪತ್ರ ಬೇಕು, ವಂಶವೃಕ್ಷ ಬೇಕು, ಐದು ಜನ ಅತ್ತೆಯಂದಿರ ಒಪ್ಪಿಗೆ ಬೇಕು. ಇಬ್ಬರು ಅತ್ತೆಯರು ನಮ್ಮಪ್ಪನ ಜೊತೆ ಮಾತು ಬಿಟ್ಟು ಹತ್ತು ವರ್ಷ ಆಗಿದೆ. ಕಾರಣ ಇದೇ ಜಮೀನು.

ಮನೆಗೆ ಬರುವಾಗ ಹೊಳೆಯಿತು. ಆ ಬೀಜದ ಅಪ್ಪ ಯಾರು, ಅಮ್ಮ ಯಾರು ಅಂತ ಕಾಗದದಲ್ಲಿ ಪಕ್ಕಾ ಇದೆ. ಆದರೆ ಅದರ ವಂಶ ಒಂದೇ ತಲೆಮಾರು. ನಮ್ಮದು ಮೂರು ತಲೆಮಾರಿನಿಂದ ಇದೇ ಹೊಲದಲ್ಲಿದೆ, ಕಾಗದದಲ್ಲಿ ಮಾತ್ರ ಇಲ್ಲ.

ಹಾಗಂತ ಹೈಬ್ರಿಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬೆಳೆ ಜಾಸ್ತಿಯೇ ಬರುತ್ತದೆ. ಅದಕ್ಕೇ ತಾನೇ ಮೇ ತಿಂಗಳಲ್ಲೇ ಅಂಗಡಿಯಿಂದ ಸಾಲ ಹೇಳಿ ಎರಡು ಪೊಟ್ಟಣ ತಂದು ಬಿತ್ತಿದ್ದು?

ಪರಿಚಯದ ಕಾರ್ಯಕ್ರಮ ಇಲ್ಲದೆಯೂ ಕೆಲವರು ಬರುತ್ತಾರೆ. ಸೈನಿಕ ಹುಳು ಹಾಗೇ ಬಂತು. ಹುಟ್ಟೂರು ಅಮೆರಿಕ ಖಂಡ, 2016ರಲ್ಲಿ ಆಫ್ರಿಕ, 2018ರಲ್ಲಿ ನಮ್ಮ ಕರ್ನಾಟಕ. ಫ್ಲೆಕ್ಸ್ ಇಲ್ಲ, ಪಹಣಿ ಇಲ್ಲ. ನೇರವಾಗಿ ಸುಳಿಗೆ ಇಳಿದು ಕೂತಿತು, ಎಲೆಯನ್ನು ಜರಡಿ ಮಾಡಿತು. ಇಷ್ಟು ಚುರುಕಾದ ವಿತರಣೆಯನ್ನು ನಾನು ಇನ್ನೊಂದು ನೋಡಿಲ್ಲ.

ಆಮೇಲೆ ಆನೆ. ಕಾಳು ಹಾಲು ತುಂಬುವ ವಾರವನ್ನು ಆನೆಯಷ್ಟು ಸರಿಯಾಗಿ ಲೆಕ್ಕ ಹಾಕುವ ತಜ್ಞರು ಯಾವ ಇಲಾಖೆಯಲ್ಲೂ ಇಲ್ಲ. ಸಾಲಿಂದ ಸಾಲಿಗೆ 60 ಸೆಂ.ಮೀ. ಬಿಡಿ, ಗಿಡದಿಂದ ಗಿಡಕ್ಕೆ 30 ಬಿಡಿ ಅಂತ ನಮಗೆ ಟೇಪು ಹಿಡಿದು ಕಲಿಸಿದ್ದರು. ಮೂರು ಆನೆ ಒಂದು ಮರಿ ಒಂದೇ ರಾತ್ರಿಯಲ್ಲಿ ತಮ್ಮದೇ ಅಂತರ ಮಾಡಿಕೊಂಡವು. ಸೋಲಾರ್ ಬೇಲಿಯನ್ನು ಒಣ ಕೊಂಬೆಯಿಂದ ಕೆಡವಿ ಬಂದಿದ್ದವು. ಮಿಕ್ಕಿದ್ದನ್ನು ಕುಯ್ದು, ತುಲಾ ಮಾಸದ ಮಳೆಯ ನಡುವೆ ಟಾರ್ ರಸ್ತೆಯ ಮೇಲೆ ಹರವಿದೆವು. 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ ಇತ್ತು, ಆದರೆ ತೇವ ನೂರಕ್ಕೆ 14 ಮೀರಬಾರದು. ವ್ಯಾಪಾರಿ ಯಂತ್ರ ಚುಚ್ಚಿದ. ಆ ಯಂತ್ರ ಕೊಡಗಿನ ಆಕಾಶವನ್ನೇ ಅಳೆಯುತ್ತದೋ ಏನೋ.

ಆನೆ ತಿಂದದ್ದಕ್ಕೆ ಪರಿಹಾರದ ಅರ್ಜಿ ಹಾಕಿದೆ. ಹೊಲಕ್ಕೆ ಬಂದರು, ಹೆಜ್ಜೆ ಅಳೆದರು, ಲದ್ದಿಯ ಫೋಟೋ ತೆಗೆದರು. ಆನೆಯ ಗುರುತು ಸಾಬೀತಾಯಿತು. ನನ್ನದು ಆಗಲಿಲ್ಲ. ಅರ್ಜಿದಾರರ ಸಹಿ ಇರುವಲ್ಲಿ ಪಹಣಿದಾರರ ಸಹಿಯೇ ಬೇಕಂತೆ.

ಮೊನ್ನೆ ಫೋನಿಗೆ ಮೆಸೇಜ್ ಬಂತು. ಈ ವರ್ಷದ ಪರಿಚಯ ಕಾರ್ಯಕ್ರಮ ಬರುವ ಶುಕ್ರವಾರ. ತಾತನ ಹೆಸರಿನ ಮುಂದೆ ಈ ಸಲ ಪ್ರಗತಿಪರ ರೈತರು ಅಂತ ಸೇರಿಸಿದ್ದಾರೆ. ಸನ್ಮಾನ ಇದೆಯಂತೆ, ಖುದ್ದಾಗಿ ಬರಬೇಕಂತೆ.